ಔಷಧಿ ಬಿದ್ದ ಬಾವಿ

ಬ್ಲೀಚಿಂಗ್ ಪುಡಿಯ ಆ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಸೊಂಟ ಕೊಡದ ಭಾರಕ್ಕೆ ವಾಲಿದಂತಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲಿನ ಮೂರನೆಯ ಬೇಸಿಗೆ. ನನಗೆ ಹನ್ನೊಂದು ವರ್ಷ. ನಮ್ಮ ಕೊರ್ಲಹಳ್ಳಿಗೆ ಕಾಲರಾ ಬಂದಿತ್ತು. ಮುಂಡರಗಿಯಿಂದ ಆರೋಗ್ಯ ಇಲಾಖೆಯ ದಾದಾಪೀರ ಸಾಹೇಬರು ಬಂದು ನಮ್ಮ ಓಣಿಯ ಬಾವಿಗೆ ಬಿಳಿ ಪುಡಿ ಸುರಿದರು. "ಇನ್ನ ಈ ನೀರಷ್ಟ ಕುಡೀರಿ. ಹೊಳಿ ನೀರು ಬಾಯಿಗೆ ಹಚ್ಚಬ್ಯಾಡ್ರಿ. ಮ್ಯಾಲಿನ ಊರಾಗ ಬ್ಯಾನಿ ಬಿದ್ದವರ ಅರಬಿ ಅದರಾಗ ಒಗಿಯಾಕತ್ತಾರ."

ಅಪ್ಪನ ತಾಯಿ ಸಾವಿತ್ರೆವ್ವ, ನಮಗೆಲ್ಲ ಆಯಿ, ಮೂಗಿಗೆ ಸೆರಗು ಒತ್ತಿಕೊಂಡಳು. "ಯಾರ್ಯಾರೋ ಮುಟ್ಟಿದ ಪುಡಿ. ಈ ನೀರಿಲೆ ದೇವರಿಗೆ ಎಡಿ ಮಾಡಾಕ ಬರತೈತೇನು? ಹೊಳಿಗೆಂಥಾ ಮೈಲಿಗಿ? ಹರಿಯೂ ಗಂಗವ್ವ ಆಕಿ."

ಓಣಿಯ ಹೆಂಗಸರೆಲ್ಲ ಹಾಗೆಯೇ ಅಂದರು. ಬಾವಿ ಬಿಕೋ ಎಂದಿತು. ಅಷ್ಟು ವರ್ಷ ಕಟ್ಟೆಯ ಕೆಳಗೆ ನಿಂತು, ಯಾರಾದರೂ ಸುರಿದರೆ ಮಾತ್ರ ಕೊಡ ತುಂಬಿಸಿಕೊಳ್ಳುತ್ತಿದ್ದ, ಊರ ಹೊರಗಿನ ಕೇರಿಯ ಗದಿಗೆವ್ವ ಈಗ ತಾನೇ ಹಗ್ಗ ಇಳಿಬಿಟ್ಟಳು. ಯಾರೂ ತಡೆಯಲಿಲ್ಲ.

"ಸಣ್ಣವ್ವಾ, ಪುಡಿ ಬಿದ್ದದ್ದ ತಡ, ಬಾವಿ ನಮ್ಮದಾತು ನೋಡು! ಇನ್ನೊಂದೀಟು ಹಾಕಾಕ ಹೇಳು ಆ ಸಾಹೇಬ್ರಿಗೆ" ಎಂದು ನಕ್ಕಳು. ಆಯಿ ಹೇಳಿದಂತೆ ನಾನು ಹೊಳೆಯಿಂದ ತುಂಬಿ ತರುತ್ತಿದ್ದ ಕೊಡ ಕಂಡು ಅವಳ ನಗು ನಿಂತಿತು. "ಅದನ್ನ ಚೆಲ್ಲವ್ವಾ. ಇದರಾಗಿಂದು ತುಂಬಿ ಕೊಡತೀನಿ. ಯಾರ ಮುಂದೂ ಹೇಳೂದಿಲ್ಲ."

ನಾನು ಚೆಲ್ಲಲಿಲ್ಲ. ಅವಳು ಸೇದಿದ ನೀರೆಂದು ತಿಳಿದರೆ ಆಯಿ ಹೊಡೆಯುತ್ತಾಳೆಂಬ ಭಯ. ಕನಸಿನಲ್ಲಿ ಮಾತ್ರ ಇಂದಿಗೂ ಆ ಕೊಡ ಚೆಲ್ಲುತ್ತಲೇ ಇರುತ್ತೇನೆ. ಅದು ಖಾಲಿಯಾಗುವುದಿಲ್ಲ.

ಆ ನೀರಿನಿಂದ ಆಯಿ ದೇವರಿಗೆ ಪಾನಕ ಮಾಡಿದಳು. ಮೊದಲ ಲೋಟ ನನ್ನ ತಮ್ಮ ವಿರೂಪಾಕ್ಷನಿಗೆ. ನಾಲ್ಕು ವರ್ಷದವನು, ಬೆಲ್ಲವೆಂದರೆ ಜೀವ ಬಿಡುತ್ತಿದ್ದ. ಎರಡು ದಿನಕ್ಕೆ ವಾಂತಿಭೇದಿ ಹತ್ತಿತು. ದಾದಾಪೀರ ಸಾಹೇಬರು ಓಡಿ ಬರುವಷ್ಟರಲ್ಲಿ ಅವನ ಕಣ್ಣುಗಳು ಗುಳಿ ಬಿದ್ದಿದ್ದವು.

"ನೀರು ಎಲ್ಲೀದು?" ಎಂದು ಕೇಳಿದರು.

ಆಯಿ ನನ್ನನ್ನು ನೋಡಿದಳು. ನಾನು ಕೊಡವನ್ನು ನೋಡಿದೆ. ಸಂಜೆಯೊಳಗೆ ಎಲ್ಲ ಮುಗಿಯಿತು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರೇ ಬುತ್ತಿ ತರುವುದು ರೂಢಿ. ಆದರೆ ಬ್ಯಾನಿಗೆ ಅಂಜಿ ಓಣಿಯ ಒಂದು ಬಾಗಿಲೂ ತೆರೆಯಲಿಲ್ಲ. ಬಾವಿಯ ನೀರು ಕುಡಿಯುತ್ತಿದ್ದ ಕೇರಿಯಲ್ಲಿ ಮಾತ್ರ ಯಾರೂ ಹಾಸಿಗೆ ಹಿಡಿದಿರಲಿಲ್ಲ.

ಮರುದಿನ ಮಧ್ಯಾಹ್ನ ಗದಿಗೆವ್ವ ಹಿತ್ತಲ ಬಾಗಿಲಿಗೆ ಬಂದಳು. ಒಗೆದ ಬಟ್ಟೆಯಲ್ಲಿ ಕಟ್ಟಿದ ಬಿಸಿ ರೊಟ್ಟಿ, ಪುಂಡಿಪಲ್ಯ. ಹೊಸ್ತಿಲಲ್ಲಿ ಆಯಿ ಕುಳಿತಿದ್ದಳು. ಗದಿಗೆವ್ವ ಎಂದಿನಂತೆ ನೆಲದ ಮೇಲಿಡಲು ಬಗ್ಗಿದಳು. ಆಯಿ ಎರಡೂ ಕೈ ಚಾಚಿದಳು. ಗದಿಗೆವ್ವ ನೆಟ್ಟಗಾಗಿ ಬುತ್ತಿಯನ್ನು ಆ ಕೈಗಳಲ್ಲಿಟ್ಟಳು.