ಐದು ಕೆ.ಜಿ.ಯ ಬರ

ಗಾಜಿನ ಮನೆಯಲ್ಲಿ ನಲವತ್ತು ಕುಂಡ ಗೋಧಿ. ಇಪ್ಪತ್ತರ ಮಣ್ಣಿಗೆ ಇದ್ದಿಲ ಪುಡಿ ಬೆರೆಸಿದ್ದೆ, ಉಳಿದವು ಬರೀ ಮಣ್ಣು. ಎಲ್ಲಕ್ಕೂ ಒಂದೇ ಪ್ರಮಾಣದ ಕೃತಕ ಬರ: ದಿನಾ ಬೆಳಿಗ್ಗೆ ಕುಂಡ ತೂಗಬೇಕು, ಐದು ಕೆ.ಜಿ. ಆಗುವಷ್ಟೇ ನೀರು ಹಾಕಬೇಕು. ನನ್ನ ಪಿಎಚ್.ಡಿ. ಗೈಡ್ ಹಾಕಿದ ಗೆರೆ ಅದು. ಯಾರಾದರೂ ಅನುಮಾನಪಟ್ಟರೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ತಕ್ಕಡಿ ಸುಳ್ಳು ಹೇಳೋದಿಲ್ಲಮ್ಮಾ" ಎಂದು ರಾಗ ಎಳೆಯುತ್ತಿದ್ದರು. ಕ್ಯಾಂಟೀನಿನಲ್ಲಿ ಆ ರಾಗವನ್ನು ನಾನು ಅವರಿಗಿಂತ ಚೆನ್ನಾಗಿ ಎಳೆಯುತ್ತಿದ್ದೆ.

ಐದನೇ ವಾರದವರೆಗೆ ಇದ್ದಿಲಿನ ಪೈರು ಸೊಕ್ಕಿ ಬೆಳೆಯಿತು. ಒಂಬತ್ತನೇ ವಾರಕ್ಕೆ ಅದೇ ಮೊದಲು ಸೊರಗಿತು. ಗೈಡ್ ವರದಿ ಬರೆದೇಬಿಟ್ಟರು: ಇದ್ದಿಲಿನಿಂದ ಪ್ರಯೋಜನವಿಲ್ಲ. ಮಧ್ಯಾಹ್ನದೊಳಗೆ ನನ್ನ ಸಹಿ ಬೇಕಂತೆ. ನನ್ನ ಮೂರು ವರ್ಷದ ಕೆಲಸದ ಮೇಲೆ ಒಂದೇ ಸಾಲಿನಲ್ಲಿ ಮಣ್ಣೆಳೆದಿದ್ದರು.

"ಸೊರಗದೆ ಇನ್ನೇನ್ ಮಾಡ್ತವೆ ತಾಯಿ?" ಎಂದ, ನೀರು ಹಾಕುವ ಮಾಲಿ. "ದಪ್ಪಗೆ ಬೆಳೆದಿದ್ದಕ್ಕೆ ಕಾಲು ಲೋಟ, ಬಡಕಲಿಗೆ ತುಂಬಿದ ಲೋಟ. ಓದಿದೋರ ಲೆಕ್ಕ ಏನೋ ಇರ್ಬೇಕು ಅಂತ ಸುಮ್ನಿದ್ದೆ."

ಇದ್ದಿಲಿನ ಒಂದು ಕುಂಡದ ಪೈರನ್ನು ಬುಡಕ್ಕೆ ಕತ್ತರಿಸಿ ತೂಗಿದೆ. ನೂರ ಎಂಬತ್ತು ಗ್ರಾಂ. ಐದು ಕೆ.ಜಿ.ಯಲ್ಲಿ ಪೈರಿನ ಮೈಯನ್ನೂ ನೀರೆಂದೇ ಎಣಿಸಿದ್ದೆವು! ಬೆಳೆದಷ್ಟೂ ಅದರ ಬಾಯಿಂದ ನೀರು ಕಿತ್ತುಕೊಂಡಿದ್ದೆವು. ಪ್ರಯೋಗದ ಲೆಕ್ಕದ ಪುಸ್ತಕ ತಿರುವಿದರೆ ದಿನದಿನ ಹಾಕಿದ ನೀರಿನ ಅಳತೆಯೂ ಅಲ್ಲೇ ಇತ್ತು, ನನ್ನದೇ ದುಂಡು ಅಕ್ಷರದಲ್ಲಿ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಕತ್ತರಿಸಿದ ಪೈರನ್ನು ಗೈಡ್ ಮೇಜಿನ ಮೇಲೆ, ವರದಿಯ ಮೇಲೆಯೇ ಕುಕ್ಕಿದೆ. ಹೇಳಿದ್ದನ್ನೆಲ್ಲ ಕೇಳಿ ಅವರು ಎಲೆಗಳನ್ನು ಪೆನ್ನಿನಿಂದ ಪಕ್ಕಕ್ಕೆ ಸರಿಸಿದರು.

"ಸಣ್ಣ ವಿಷಯಮ್ಮಾ. ಕೊನೇಲಿ ಒಂದು ಟಿಪ್ಪಣಿ ಹಾಕೋಣ. ಸಹಿ ಮಾಡು."

"ಸಣ್ಣದಾ ಸರ್? ಚೆನ್ನಾಗಿ ಬೆಳೆದಿದ್ದಕ್ಕೇ ನೀರು ನಿಲ್ಸಿ, ಆಮೇಲೆ ಬೆಳೀಲಿಲ್ಲ ಅಂತ ಬರೀತೀರಾ?"

"ಧ್ವನಿ ತಗ್ಗಿಸು."

ತಗ್ಗಿಸಲಿಲ್ಲ. ಕನ್ನಡಕವಿಲ್ಲದ ಮೂಗಿನ ತುದಿಗೆ ಬೆರಳಿಟ್ಟು, ಕ್ಯಾಂಟೀನಿನ ಅದೇ ರಾಗವನ್ನು ಅವರ ಮುಖಕ್ಕೇ ಎಳೆದೆ: "ತಕ್ಕಡಿ ಸುಳ್ಳು ಹೇಳೋದಿಲ್ಲಮ್ಮಾ! ಸುಳ್ಳು ಹೇಳಿದ್ದು ನಾವು."

ಹೊರಗೆ ಕ್ಲರ್ಕಿನ ಟೈಪಿಂಗ್ ನಿಂತಿತು. ಗೈಡ್ ಕಿವಿ ಕೆಂಪಾಯಿತು. ಪೆನ್ನು ನನ್ನ ಕಡೆ ಚಾಚಿದ ಕೈ ಹಾಗೇ ಇತ್ತು. ಆ ಪೆನ್ನನ್ನೇ ತೆಗೆದುಕೊಂಡು ವರದಿಯಲ್ಲಿದ್ದ ನನ್ನ ಹೆಸರನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದೆ.

ಗಾಜಿನ ಮನೆಗೆ ಬಂದು ಒಂದೊಂದೇ ಕುಂಡದ ಮಣ್ಣು ಕೆಡವತೊಡಗಿದೆ.

"ಮತ್ತೆ ಮಣ್ಣು ಜರಡಿ ಹಿಡೀಬೇಕಾ?" ಎಂದ ಮಾಲಿ.

"ಹಿಡೀರಿ. ಈ ಸಲ ಹತ್ತು ಕುಂಡ ಜಾಸ್ತಿ, ವಾರವಾರ ಪೈರು ಕತ್ತರಿಸಿ ತೂಗಿ, ಆ ತೂಕ ಬಿಟ್ಟು ನೀರು ಅಳೆಯೋಕೆ. ಇನ್ನು ಮೇಲೆ ಏನಾದ್ರೂ ಅನ್ನಿಸಿದ್ರೆ ಬಾಯಿ ಬಿಡ್ರೀ ಮಾರಾಯ್ರೆ!"