ಹಳದಿ ಬಾಣ

ಬೆಳಿಗ್ಗೆ ಹನ್ನೊಂದು ಗಂಟೆಗೆ, ಅತಿಥಿಗಳ ಜೀಪು ಶಾಲೆಯ ಗೇಟಿನೊಳಗೆ ತಿರುಗುತ್ತಿದ್ದಾಗ, ನವ್ಯಶ್ರೀ ಟೀಚರ್ ಮಾನಿಟರಿನ ಹಿಂದೆ ಕೈ ಹಾಕಿ ಚೈತ್ರಾಳ ಮೌಸಿನ ವೈರನ್ನು ಕಿತ್ತಳು. ಯಾರೂ ನೋಡಲಿಲ್ಲ.

ಅಕ್ಕೂರಿನ ಆಚೆಯ ಆ ಹಳ್ಳಿಯ ಶಾಲೆಯಲ್ಲಿ ೨೦೦೭ರಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದು ಅದನ್ನು ಕೊಟ್ಟು, ಒಂದೇ ಪರದೆಗೆ ಐದು ಮೌಸು ಜೋಡಿಸಿಕೊಟ್ಟಿತ್ತು. ಐದು ಮಕ್ಕಳಿಗೆ ಐದು ಬಣ್ಣದ ಬಾಣ. ಐವರೂ ಮಾತಾಡಿಕೊಂಡು ಒಂದೇ ಉತ್ತರವನ್ನು ಒತ್ತಿದರೆ ಮಾತ್ರ ಮುಂದಿನ ಪ್ರಶ್ನೆ. ಚೈತ್ರಾಳದು ಹಳದಿ ಬಾಣ. ತನಗೆ ಒಪ್ಪಿಗೆಯಾಗದೆ ಅವಳು ಒತ್ತುವವಳಲ್ಲ.

ಹಿಂದಿನ ದಿನದ ತಾಲೀಮಿನಲ್ಲಿ ಐವರಲ್ಲೊಬ್ಬನಾದ ಪುನೀತ್ ಕೈಮುಗಿದಿದ್ದ. "ಒತ್ತೇ ತಾಯಿ, ನಿನ್ ದಮ್ಮಯ್ಯ."

"ಯಾಕಂತ ಹೇಳು, ಒತ್ತೀನಿ."

"ಎಲ್ರೂ ಒತ್ತವ್ರೆ, ಅದ್ಕೆ!"

"ಎಲ್ರೂ ಬಾವಿಗೆ ಬಿದ್ರೆ ನಾನೂ ಬೀಳ್ಬೇಕೇನ್ಲಾ?"

ಪರದೆ ಅಲ್ಲೇ ನಿಂತಿತ್ತು. ನಾಳೆ ಕಾರ್ಖಾನೆಯವರು ನೋಡಲು ಬಂದಾಗಲೂ ಹೀಗಾದರೆ ಅವರು ಕೊಡುತ್ತೇವೆಂದ ಇನ್ನು ಮೂರು ಕಂಪ್ಯೂಟರ್ ಬಂದ ಹಾಗೇ ಎಂದು ಹೆಡ್‌ಮಾಸ್ಟರ್ ಕೃಷ್ಣಪ್ಪ ಗೊಣಗಿದ್ದರು. ಒಂದು ಮೌಸು ಕಳಚಿಕೊಂಡರೆ ಕಂಪ್ಯೂಟರು ಉಳಿದ ನಾಲ್ವರನ್ನೇ 'ಎಲ್ಲರೂ' ಎಂದು ಎಣಿಸುತ್ತದೆಂಬುದು ನವ್ಯಶ್ರೀಗೆ ಮಾತ್ರ ಗೊತ್ತಿತ್ತು.

ಪ್ರಶ್ನೆಗಳು ಸರಸರನೆ ಓಡಿದವು. ಅತಿಥಿಗಳು ಚಪ್ಪಾಳೆ ತಟ್ಟಿದರು. ಚೈತ್ರಾ ಮೌಸನ್ನು ಮೇಜಿನ ಮೇಲೆ ಉಜ್ಜುತ್ತ, ಕುತ್ತಿಗೆ ಚಾಚಿ, ಪರದೆಯ ಮೂಲೆಮೂಲೆಯಲ್ಲೂ ತನ್ನ ಬಾಣವನ್ನು ಹುಡುಕುತ್ತಿದ್ದಳು. ಒಮ್ಮೆ ಟೀಚರ್ ಕಡೆ ತಿರುಗಿದಳು. ನವ್ಯಶ್ರೀ ಅತಿಥಿಗಳಿಗೆ ಕಾಫಿ ಲೋಟ ಎತ್ತಿಕೊಡಲು ಬಗ್ಗಿದಳು.

ಆಮೇಲೆ ವೈರು ಸಿಕ್ಕಿಸೋಣವೆಂದರೆ ಕೃಷ್ಣಪ್ಪ ಕೋಣೆಗೆ ಬೀಗ ಹಾಕಿ ಅತಿಥಿಗಳ ಜೊತೆ ಹೊರಟುಹೋಗಿದ್ದರು. ಮನೆಗೆ ಹೋಗುವ ಬಸ್ಸಿನಲ್ಲಿ ನವ್ಯಶ್ರೀ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು.

ಮಾರನೆಯ ದಿನ ಚೈತ್ರಾ ಶಾಲೆಗೆ ಬರಲಿಲ್ಲ. ಅದರ ಮರುದಿನ ಅವಳ ತಂದೆ ಅಂಕಯ್ಯ ಕೈಹಿಡಿದು ಕರೆತಂದ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವನು ಹಾಗೇ ಎದ್ದು ಬಂದಿದ್ದ.

"ತಪ್ಪಾಗೋಯ್ತು ಮೇಡಂ. ಇವ್ಳು ಕಂಪ್ಯೂಟ್ರು ಕೆಡಿಸ್ಬುಟ್ಟವ್ಳಂತೆ. ನೆನ್ನೆಯಿಂದ ಅನ್ನ ಮುಟ್ಟಿಲ್ಲ. ಕೈ ಒಸಿ ಒರಟು, ನಮ್ ಜೊತೆ ಸೊಪ್ಪು ಕುಯ್ತಾಳಲ್ಲ..."

ಹೇಳಬೇಕಾದದ್ದು ಒಂದೇ ಮಾತು. ಅದು ನವ್ಯಶ್ರೀಯ ನಾಲಿಗೆಯವರೆಗೆ ಬಂದು ಬೇರೆಯಾಗಿ ಹೊರಬಿತ್ತು.

"ಏನೂ ಕೆಟ್ಟಿಲ್ಲ ಅಂಕಯ್ಯನೋರೆ. ವೈರು ಬಿಚ್ಕೊಂಡಿತ್ತು, ಅಷ್ಟೆ."

"ಕೇಳಿಸ್ಕೊಂಡ್ಯೇನೆ? ಇಷ್ಟಕ್ಕೆ ಮನೇನ ಸಾವಿನ ಮನೆ ಮಾಡ್ಬುಟ್ಟಿದ್ದೆ!" ಅಂಕಯ್ಯ ನಕ್ಕ.

ಚೈತ್ರಾ ನಗಲಿಲ್ಲ. "ನಾನು ಎಳೀಲಿಲ್ಲ ಮಿಸ್."

"ಗೊತ್ತು ಕಣೆ."

"ನಿಮ್ಗೆಂಗೆ ಗೊತ್ತು?"

"ಮೇಡಮ್ಮೋರ್ಗೇ ಎದುರು ಮಾತಾಡ್ತೀಯಾ?" ಎಂದು ಅಂಕಯ್ಯ ಗದರಿದ.

ಇನ್ನೊಂದು ಸಲ ಕೇಳಿದರೆ ಹೇಳಿಬಿಡುತ್ತೇನೆ ಎಂದು ನವ್ಯಶ್ರೀ ಅಂದುಕೊಂಡಳು. ಹುಡುಗಿ ಕೇಳಲಿಲ್ಲ. ಟೀಚರ್ ಮುಖವನ್ನೊಮ್ಮೆ ನೋಡಿ ತರಗತಿಗೆ ಹೋದಳು.

ಮೂರು ಕಂಪ್ಯೂಟರುಗಳು ಮುಂದಿನ ತಿಂಗಳು ಬಂದವು. ಮೊದಲ ಪಾಠದ ದಿನ ಚೈತ್ರಾ ಬಲಗೈಯಲ್ಲಿ ಮೌಸು ಹಿಡಿದಳು. ಎಡಗೈಯನ್ನು ಮಾನಿಟರಿನ ಹಿಂದೆ ಚಾಚಿ, ವೈರು ಸಿಕ್ಕಿಸಿದ ಜಾಗವನ್ನು ಪಾಠ ಮುಗಿಯುವವರೆಗೂ ಬಿಗಿಯಾಗಿ ಒತ್ತಿಕೊಂಡಿದ್ದಳು.