ಗುಂಡಿಯ ಮೇಲಿನ ಹೆಸರು

ಎರಡು ಸಾವಿರದ ಏಳರ ಮಾತು. ಚಿತ್ರದುರ್ಗದಲ್ಲಿ ಒಂದು ಮಹಡಿ ಹಿಡಿದು ನಿರಂಜನ್ ಕಂಪ್ಯೂಟರ್ ಆಟವೊಂದನ್ನು ಮಾಡಿಸುತ್ತಿದ್ದ. ಆಡುವವನೇ ಪಾಳೇಗಾರ, ಹಳ್ಳಿ ಆಳಬೇಕು, ಕೋಟೆ ಕಟ್ಟಬೇಕು, ದಂಡು ಬಂದರೆ ಕಾಯಬೇಕು. ಪರದೆಯ ಮೇಲಿನ ಕನ್ನಡವೆಲ್ಲ ಅನುಪಮಾಳ ಕೆಲಸ. ಅದು ಒಂದು ಗುಂಡಿಯ ಹತ್ತಿರ ಬಂದು ಸಿಕ್ಕಿಕೊಂಡಿತ್ತು. ಆ ಗುಂಡಿ ಒತ್ತಿದರೆ ಹಟ್ಟಿಯಿಂದ ಒಬ್ಬ ಆಳು ಬಂದು ಕೂಲಿಯಿಲ್ಲದೆ ಕಲ್ಲು ಹೊರುತ್ತಿದ್ದ. ಅವನು ಸತ್ತರೆ ಅದೇ ಮನೆಯಿಂದ ಇನ್ನೊಬ್ಬ ತಾನಾಗಿಯೇ ಬರುತ್ತಿದ್ದ.

ಅನುಪಮಾ ಅದಕ್ಕೆ 'ಜೀತ' ಎಂದು ಬರೆದಿದ್ದಳು.

"ಸೇವೆ ಅಂತ ಹಾಕ್ರಿ," ಎಂದ ನಿರಂಜನ್. "ಆಡೋ ಹುಡುಗ್ರಿಗೆ ಯಾಕೆ ಬೇಜಾರು?"

"ಮಾಡ್ಸೋದು ಜೀತ, ಹೆಸ್ರು ಮಾತ್ರ ಸೇವೆನಾ ಸಾರ್?"

ನಿರಂಜನ್ ಕೆಟ್ಟವನೇನಲ್ಲ. ಮೆತ್ತಗಿನ ಮನುಷ್ಯ, ಮೆತ್ತಗೇ ಸುಳ್ಳಿಗೆ ಜಾಗ ಬಿಡುವಂಥವನು. "ಅನುಭವಿಸಿದೋರು ಯಾರಾದ್ರೂ ಬಂದು ಹೇಳ್ಲಿ, ನಿಮ್ಮ ಹೆಸ್ರೇ ಇರ್ಲಿ," ಎಂದುಬಿಟ್ಟ.

ಅನುಪಮಾಗೆ ಅಷ್ಟೇ ಸಾಕಿತ್ತು. ಅವಳಪ್ಪ ತಿಮ್ಮರಾಯಪ್ಪ ಹೊಸದುರ್ಗದ ಕಡೆ ಹತ್ತು ವರ್ಷ ಜೀತಕ್ಕಿದ್ದವನು. ಅವನಣ್ಣ ಕೆಂಚಣ್ಣ ಧಣಿಯ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ ಮೂರನೇ ದಿನಕ್ಕೆ, ಒಂಬತ್ತು ವರ್ಷದ ಇವನನ್ನು ಅದೇ ಜಾಗಕ್ಕೆ ಕಳಿಸಿದ್ದರು. ಅದು ಯಾರ ಮನೆಯೆಂದು ಅಪ್ಪ ಎಂದೂ ಬಾಯಿ ಬಿಟ್ಟಿರಲಿಲ್ಲ. 'ಆ ಮನೆ' ಎನ್ನುತ್ತಿದ್ದ, ಅಷ್ಟೆ. ಮಗಳೂ ಕೆದಕಿ ಕೇಳಿರಲಿಲ್ಲ. ಅದೇ ಅವಳು ಮಾಡಿದ ತಪ್ಪು.

ಮಾರನೇ ದಿನ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ಹೊಸ ಟವೆಲ್ ಹಾಕಿಕೊಂಡು ಬಸ್ಸಿಳಿದ.

"ಎಲ್ಲಾ ಹೇಳ್ತೀನಿ ಬಿಡವ್ವ. ನಮ್ಮಣ್ಣನ ಹೆಸ್ರೂ ಹೇಳ್ತೀನಿ," ಎನ್ನುತ್ತಾ ಮೆಟ್ಟಿಲು ಹತ್ತಿದ.

"ಬರ್ರಿ ಯಜಮಾನ್ರೆ, ಕುಂತ್ಕಳ್ರಿ," ಎಂದು ನಿರಂಜನ್ ತಾನೇ ಕುರ್ಚಿ ಎಳೆದುಕೊಟ್ಟ. ಅಪ್ಪ ಕೂತ. ಪರದೆಯಲ್ಲಿ ಒಬ್ಬ ಆಳು ಬಿದ್ದ, ಹಟ್ಟಿಯಿಂದ ಇನ್ನೊಬ್ಬ ಓಡಿ ಬಂದ.

"ಥೇಟ್ ಹಿಂಗೇ ಕಣಪ್ಪ," ಎಂದ ಅಪ್ಪ. ಮುಂದಿನ ಮಾತಿಗೆ ತಲೆಯೆತ್ತಿದಾಗ ಅವನ ಕಣ್ಣು ಎದುರು ಗೋಡೆಗೆ ಬಿತ್ತು. ಅಲ್ಲಿ ಹಾರ ಹಾಕಿದ ಒಂದು ಫೋಟೋ. ರುಮಾಲು, ದಪ್ಪ ಮೀಸೆ.

"ನಮ್ಮ ತಾತ, ಪಟೇಲ್ ಚಿತ್ರಲಿಂಗಪ್ಪನೋರು," ಎಂದ ನಿರಂಜನ್. "ಕಂಡಿದ್ರಾ?"

ಆರು ತಿಂಗಳಿಂದ ಅನುಪಮಾ ಆ ಫೋಟೋದ ಕೆಳಗೇ ಕೂತು ಕೆಲಸ ಮಾಡಿದ್ದಳು.

ಅಪ್ಪ ಎದ್ದು ನಿಂತ. ಚಪ್ಪಲಿ ಕಳಚಿದ. ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡ. ತಾನೇನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಹೇಳಪ್ಪ," ಎಂದಳು ಅನುಪಮಾ.

"ಸೇವೆನೇ ಬುದ್ಧಿ," ಎಂದ ಅಪ್ಪ, ಫೋಟೋಗೆ. "ಚೆಂದಾಗೇ ನೋಡ್ಕಂಡ್ರು. ಸೇವೆ ಅಂತ್ಲೇ ಇರ್ಲಿ."

ಅರ್ಥವಾಗದಷ್ಟು ದಡ್ಡನಲ್ಲ ನಿರಂಜನ್. ಅವನ ಮುಖ ಸಣ್ಣಗಾಯಿತು. ಆದರೂ "ಹಂಗಾದ್ರೆ ಬದಲಾಯಿಸಿಬಿಡ್ರಿ, ಅನುಪಮಾ," ಎಂದ ಮೆತ್ತಗೆ.

ಅಪ್ಪ ಸುಳ್ಳು ಹೇಳಿದನೆಂದು ಅಪ್ಪನೆದುರಿಗೇ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಅವನನ್ನು ಮತ್ತೆ ಆ ಮನೆಯ ಬಾಗಿಲಿಗೆ ಕರೆತಂದವಳು ತಾನೇ. 'ಜೀತ' ಅಳಿಸಿ 'ಸೇವೆ' ಎಂದು ಹಾಕಿದಳು.

ತಿರುಗಿ ನೋಡಿದರೆ ಕುರ್ಚಿ ಖಾಲಿ. ಅಪ್ಪ ಬಾಗಿಲಾಚೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚಪ್ಪಲಿ ಪಕ್ಕಕ್ಕಿಟ್ಟುಕೊಂಡು, ಹೋಗಲು ಅಪ್ಪಣೆಗಾಗಿ ಕಾಯುತ್ತಿದ್ದ.